ಬೆಂಚಿನ ಕಾಲಿನ ಗೆರೆ

ಪಾಲಿಶ್ ಮುಗಿದ ಬೆಂಚಿನ ಕಾಲನ್ನು ಬೆರಳಿನಿಂದ ಸವರುತ್ತಾ ಆ ಹೆಣ್ಣುಮಗಳು ಏನನ್ನೋ ಹುಡುಕಿದಳು.

"ಇಲ್ಲೊಂದು ಗೆರೆ ಇತ್ತಲ್ಲ ಅಜ್ಜ, ಎಂತ ಆತು? ಅಮ್ಮ ಮಲ್ಲಿಗೆ ಕಟ್ಟೂಕೆ ಅಲ್ಲೇ ನಾರು ಬಿಗಿತಿದ್ಲು. ಎಳ್ದೂ ಎಳ್ದೂ ಮರವೇ ಸವ್ದಿತ್ತು."

ಹಳೆಯದರಂತೆ ಕಾಣುವ ಪೀಠೋಪಕರಣ ಈಗಿನ ಫ್ಯಾಶನ್. ಆಕೆ ಮೊಬೈಲಿನಲ್ಲಿ ತೋರಿಸಿದ್ದ ಫೋಟೋದ ಹಾಗೆಯೇ, ಮನೆಯಿಂದ ತಂದಿದ್ದ ಹಳೇ ಬೆಂಚಿಗೆ ಬಣ್ಣ ಹೊಡೆದು, ಅಂಚಿನಲ್ಲಿ ಅದನ್ನು ಉಜ್ಜಿ ತೆಗೆದು, ಸರಪಳಿಯಿಂದ ಬಡಿದು ಗಾಯ ಮಾಡಿದ್ದೆ. ಫೋಟೋದಲ್ಲಿ ಇಲ್ಲದ ಆ ಗೆರೆಗೆ ಮಾತ್ರ ಪುಟ್ಟಿ ತುಂಬಿದ್ದೆ. ಹೊನ್ನಾವರದಲ್ಲಿ ನಲವತ್ತು ವರ್ಷ ಮರದ ಪಾಲಿಶ್ ಕೆಲಸ ಮಾಡಿದ ನನಗೆ, ಕೇಳದೆ ಮುಚ್ಚಿದೆ ಎನ್ನಲು ಬಾಯಿ ಬರಲಿಲ್ಲ.

"ಗೆದ್ದಲು ತಿಂದಿತ್ತು ತಂಗಿ" ಎಂದುಬಿಟ್ಟೆ.

"ಹಂಗಾರೆ ಒಳ್ಳೇದೇ ಆತು ಬಿಡಿ. ನಿಮ್ಮಿಂದ ಕಾಲಾದ್ರೂ ಉಳೀತು" ಎಂದು ಕೈಮುಗಿದು, ಬೆಂಚನ್ನು ಟೆಂಪೋಕ್ಕೆ ಏರಿಸಿಕೊಂಡು ಹೋದಳು.

ಗೆದ್ದಲು ತಿಂದಿರಲಿಲ್ಲ. ನಾನು ಹೇಳಿದ್ದು ಸುಳ್ಳು. ಆಕೆಯ ಹೆಸರನ್ನೂ ಕೇಳಿಟ್ಟುಕೊಂಡಿಲ್ಲ, ಮುಟ್ಟಳ್ಳಿಯವಳು ಎಂದಷ್ಟೇ ಗೊತ್ತು. ಆಕೆ ಇದನ್ನು ಓದಿದರೆ, ಬೆಂಚಿನ ಎಡಗಾಲಿನ ಪುಟ್ಟಿಯನ್ನು ಚಾಕುವಿನ ತುದಿಯಿಂದ ಮೆಲ್ಲಗೆ ಕೆರೆಯಲಿ. ಅಮ್ಮನ ಗೆರೆ ಅದರಡಿಯಲ್ಲೇ ಇದೆ.