ಸರೋಜಕ್ಕನ ಮನೆಯ ಹಾಲು

ಹೊಸನಗರ ತಾಲ್ಲೂಕಿನ ಈ ಊರಿಗೆ ಬಂದಿಳಿದ ದಿನ ನನಗೆ ಎದುರಾದ ಮೊದಲ ಪ್ರಶ್ನೆ "ಕಷಾಯ ಕುಡೀತೀಯಾ?" ಎಂಬುದು. ಕೇಳಿದವರು ನಾನು ಬಾಡಿಗೆಗೆ ಬಂದ ಮನೆಯ ಯಜಮಾನಿ ಸರೋಜಕ್ಕ. ಕೈಚೀಲ ಕೆಳಗಿಡುವುದನ್ನೂ ಮರೆತು ನಿಂತುಬಿಟ್ಟೆ. ನಮ್ಮ ಬಾಗಲಕೋಟೆ ಕಡೆ ಕಷಾಯವೆಂದರೆ ಜ್ವರವೋ ಕೆಮ್ಮೋ ಬಂದವರಿಗೆ ಮೂಗು ಹಿಡಿದು ಕುಡಿಸುವ ಕಹಿ ಮದ್ದು. ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ಬಂದ ನನ್ನ ಮುಖ ಅಷ್ಟು ಬಾಡಿಹೋಗಿದೆಯೇ ಎಂದು ಗಾಬರಿಯಾಯಿತು.

"ನಂಗ ಜ್ವರ ಇಲ್ರೀ ಅಕ್ಕಾರ. ಆರಾಮ ಅದೀನಿ," ಎಂದೆ.

ಸರೋಜಕ್ಕ ಗಂಡನ ಮುಖ ನೋಡಿದರು. ಗಂಡ ಮಂಜಪ್ಪಣ್ಣ ನನ್ನ ಮುಖ ನೋಡಿದರು. "ಜ್ವರ ಯಾಕೆ ಬರ್ಬೇಕು ಮಾರಾಯ್ತಿ? ಮನೆಗೆ ಬಂದೋರಿಗೆ ಕೊಡೋದು ಅದು," ಎಂದು ಒಳಗೆ ಹೋದ ಅಕ್ಕ ದೊಡ್ಡದೊಂದು ಲೋಟದ ತುಂಬ ಬಿಸಿ ಹಾಲು ತಂದರು. ಹುರಿದ ಕೊತ್ತಂಬರಿ, ಜೀರಿಗೆಗಳ ಪುಡಿಯನ್ನು ಬೆಲ್ಲದ ಜೊತೆ ಕುದಿಸಿ, ಮೇಲೆ ಹಾಲು ಹೊಯ್ದರೆ ಇಲ್ಲಿಯ ಕಷಾಯ. ಬಹಳ ರುಚಿಯಾಗಿತ್ತು. ಪೂರ್ತಿ ಕುಡಿದೆ. ಸಂಜೆಯ ಹೊತ್ತಿಗೆ ಹೊಟ್ಟೆ ಡೊಳ್ಳಿನಂತೆ ಉಬ್ಬಿ, ಗುಡುಗುಡು ಎನ್ನತೊಡಗಿತು. ಹೊಸ ನೀರು, ಹೊಂದಿಕೊಳ್ಳಲು ದಿನ ಬೇಕು ಎಂದುಕೊಂಡೆ.

ನಾನು ನರ್ಸ್. ಊರಿನ ಆರೋಗ್ಯ ಉಪಕೇಂದ್ರದಲ್ಲಿ ಕೆಲಸ. ಬಿಪಿ, ಶುಗರ್ ನೋಡುವುದು, ಬಸುರಿಯರ ತಪಾಸಣೆ, ಮಕ್ಕಳಿಗೆ ಲಸಿಕೆ, ಮನೆ ಮನೆ ಭೇಟಿ. ನನ್ನಂತೆ ಬಯಲುಸೀಮೆಯಿಂದ ಬಂದ ನರ್ಸ್‌ಗಳು ಸಾಗರ, ತೀರ್ಥಹಳ್ಳಿ ಕಡೆಯೂ ಬೇಕಾದಷ್ಟು ಜನ ಇದ್ದಾರೆ. ತಿಂಗಳ ಮೀಟಿಂಗಿನಲ್ಲಿ ಸಿಕ್ಕಾಗ ನಾವೆಲ್ಲ ಒಂದು ಮೂಲೆಯಲ್ಲಿ ಸೇರಿ, ಯಾರ ಊರಿನಿಂದ ಜೋಳದ ಹಿಟ್ಟು ಬಂದಿದೆ ಎಂದು ವಿಚಾರಿಸಿಕೊಳ್ಳುತ್ತೇವೆ. ಮೇಗರವಳ್ಳಿಯಲ್ಲಿರುವ ಗೆಳತಿಗೆ ಅವಳ ಅವ್ವ ಕಳಿಸಿದ ಹಿಟ್ಟು ಎರಡೇ ವಾರಕ್ಕೆ ಬೂಸು ಹಿಡಿದು, ಅವಳು ಅದನ್ನು ಎಸೆಯಲಾರದೆ ಅತ್ತಿದ್ದಳಂತೆ.

ಮೊದಮೊದಲು ನನ್ನನ್ನು ಕಾಡಿದ್ದು ಇಲ್ಲಿ ದೂರ ಕಾಣುವುದಿಲ್ಲ ಎಂಬುದು. ನಮ್ಮಲ್ಲಿ ಮನೆಯ ಮುಂದೆ ನಿಂತರೆ ಮುಂದಿನ ಊರಿನ ಗುಡಿಯ ಗೋಪುರ ಕಾಣುತ್ತದೆ. ಯಾರೋ ಬರುತ್ತಿದ್ದಾರೆಂದರೆ ಅವರು ಬಾಗಿಲಿಗೆ ಬರುವಷ್ಟರಲ್ಲಿ ಚಹಾಕ್ಕೆ ಇಡಬಹುದು. ಇಲ್ಲಿ ರಸ್ತೆ ತಿರುಗಿದರೆ ಮನುಷ್ಯ ಮಾಯ. ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗಲು ಗುಡ್ಡ ಹತ್ತಬೇಕು, ಹಳ್ಳ ದಾಟಬೇಕು. ಮಾತೂ ಹಾಗೆಯೇ. ನಾನು "ಆರಾಮ ಅದೀರೇನ್ರಿ?" ಎಂದರೆ ಅವರು "ಎಂತ?" ಎನ್ನುತ್ತಾರೆ. ನನ್ನ ಮಾತು ಕೇಳಿಸಲಿಲ್ಲವೆಂದು ಜೋರಾಗಿ ಹೇಳುತ್ತಿದ್ದೆ. ಸಿಸ್ಟರ್ ಬಯ್ಯುತ್ತಾರೆ ಎಂದು ಊರಿನಲ್ಲಿ ಸುದ್ದಿಯಾಯಿತು. ನನ್ನ ಹೆಸರು ಶಿವಲೀಲಾ. ಅಷ್ಟುದ್ದ ಕರೆಯಲು ಪುರುಸೊತ್ತಿಲ್ಲವೆಂದು ಸರೋಜಕ್ಕ ಅದನ್ನು ಲೀಲಾ ಎಂದು ಕತ್ತರಿಸಿದರು.

ಅಕ್ಕನ ಕೊಟ್ಟಿಗೆಯಲ್ಲಿ ಎರಡು ಹಸುಗಳಿವೆ. ಗೌರಿ ಮತ್ತು ಕೆಂಪಿ. ಇಲ್ಲಿಯದೇ ಗಿಡ್ಡ ತಳಿ. ನಮ್ಮ ಕಡೆಯ ಎತ್ತುಗಳನ್ನು ನೋಡಿ ಬೆಳೆದ ನನಗೆ ಮೊದಲ ದಿನ ಅವು ಕರುಗಳಂತೆ ಕಂಡಿದ್ದವು. ಬೆಳಗ್ಗೆ ನಾನು ಎದ್ದು ಬಾಗಿಲು ತೆಗೆಯುವಷ್ಟರಲ್ಲಿ ಅಕ್ಕ ಲೋಟ ಹಿಡಿದು ನಿಂತಿರುತ್ತಿದ್ದರು. "ಒಣಕಲು ಕಡ್ಡಿ ಥರ ಇದೀಯ. ಕುಡಿ." ಮನೆ ಭೇಟಿಗೆ ಹೋದಲ್ಲೆಲ್ಲ ಮತ್ತೆ ಕಷಾಯ. ಬೇಡವೆಂದರೆ, "ನಮ್ಮನೇಲಿ ಕುಡಿಯಲ್ವಾ?" ಎಂದು ಮುಖ ಸಣ್ಣದು ಮಾಡುತ್ತಿದ್ದರು. ನಮ್ಮೂರಿನಲ್ಲಿ ದೊಡ್ಡವರು ಹಾಲನ್ನು ಲೋಟದಲ್ಲಿ ಕುಡಿಯುವುದು ಕಡಿಮೆ. ಚಹಾಕ್ಕೆ ಒಂದಿಷ್ಟು, ಉಳಿದದ್ದು ಮೊಸರಿಗೆ, ಮಜ್ಜಿಗೆಗೆ. ಹಾಗಾಗಿ ನನ್ನ ಹೊಟ್ಟೆಯ ಸಂಗತಿ ನನಗೇ ತಿಳಿದಿರಲಿಲ್ಲ. ಶಿವಮೊಗ್ಗಕ್ಕೆ ತರಬೇತಿಗೆಂದು ಹೋಗಿ ಒಂದು ವಾರ ಹಾಲಿಲ್ಲದೆ ಇದ್ದಾಗ ಹೊಟ್ಟೆ ಹಗುರಾಯಿತು. ವಾಪಸ್ ಬಂದು ಮೊದಲ ಲೋಟ ಕುಡಿದ ದಿನವೇ ಮತ್ತೆ ಡೊಳ್ಳು. ನೀರಿನ ತಪ್ಪೇನೂ ಇರಲಿಲ್ಲ.

ಸುಳ್ಳು ಹೇಳಿ ತಪ್ಪಿಸಿಕೊಳ್ಳುವುದು ಬೇಡವೆಂದು ಮರುದಿನ ಬೆಳಗ್ಗೆ ಅಕ್ಕನಿಗೆ ನೇರವಾಗಿ ಹೇಳಿದೆ. "ಅಕ್ಕಾರ, ನಂಗ ಹಾಲು ಒಗ್ಗಂಗಿಲ್ರೀ. ಹೊಟ್ಟಿ ಉಬ್ಬತೈತಿ. ಮಜ್ಜಿಗಿ ಕೊಡ್ರಿ, ಎಷ್ಟ್ ಬೇಕಾದ್ರೂ ಕುಡೀತೀನಿ."

"ನಮ್ಮನೆ ಹಾಲಾ? ಒಂದ್ ಹನಿ ನೀರು ಬೆರೆಸಿದ್ದಲ್ಲ ಅದು," ಎಂದರು. ಮುಖ ಊದಿಸಿಕೊಂಡು ಲೋಟ ವಾಪಸ್ ಒಯ್ದರು.

ಇಷ್ಟಕ್ಕೇ ಮುಗಿಯುತ್ತಿತ್ತೋ ಏನೋ. ಆದರೆ ಜಗಲಿಯಲ್ಲಿ ಕುಳಿತಿದ್ದ ಮಂಜಪ್ಪಣ್ಣ ಅದನ್ನು ಕೇಳಿಸಿಕೊಂಡಿದ್ದರು. ಅವರು ಸಾಗರದ ದಾರಿಯಲ್ಲಿ ಬಸ್ಸು ಓಡಿಸುತ್ತಿದ್ದವರು. ಬೆನ್ನುನೋವಿಗೆ ಕೆಲಸ ಬಿಟ್ಟ ಮೇಲೆ ಒಂದೆಕರೆ ಗದ್ದೆ ನೋಡಿಕೊಂಡು, ಉಳಿದ ಹೊತ್ತು ಮೊಬೈಲಿನಲ್ಲಿ ವಿಡಿಯೊ ನೋಡುತ್ತಾರೆ. ಕೆಲವು ವಾರಗಳಿಂದ ಅವರು ನೋಡುತ್ತಿದ್ದದ್ದು ಒಂದೇ ಬಗೆಯ ವಿಡಿಯೊ: ದೊಡ್ಡವರಿಗೆ ಹಾಲು ವಿಷ, ಯಾವ ಪ್ರಾಣಿಯೂ ದೊಡ್ಡದಾದ ಮೇಲೆ ಹಾಲು ಕುಡಿಯುವುದಿಲ್ಲ, ಹಸುವಿನ ಹಾಲು ಕರುವಿಗೆ ಮಾತ್ರ. ಅಂದು ಮಧ್ಯಾಹ್ನ ಗೋಡೆಯಾಚೆಯಿಂದ ಅವರ ದನಿ ನನ್ನ ಕೋಣೆಗೆ ಕೇಳಿಸಿತು.

"ನೋಡು, ಸಿಸ್ಟರೇ ಕುಡಿಯಲ್ಲ. ನಾಳೆಯಿಂದ ಈ ಮನೇಲಿ ಹಾಲು ಬೇಡ. ದನ ಎರಡನ್ನೂ ಕೊಟ್ಟುಬಿಡನ."

ಸರೋಜಕ್ಕ ಪಾತ್ರೆ ಕುಕ್ಕಿದ ಸದ್ದು ಕೇಳಿಸಿತು. ಆಮೇಲೆ ಆ ಮನೆಯಲ್ಲಿ ಗಂಡ ಹೆಂಡಿರ ಮಾತು ನಿಂತಿತು. ಊಟಕ್ಕೆ ಕರೆಯುವುದಕ್ಕೂ ಅಕ್ಕ ತಟ್ಟೆಯನ್ನು ಸದ್ದು ಮಾಡಿ ಇಡುತ್ತಿದ್ದರು. ಬೇರೆ ಮನೆ ಹುಡುಕಬೇಕಾದೀತು ಎಂದು ನನಗೆ ಚಿಂತೆ ಹತ್ತಿತು. ಈ ಊರಿನಲ್ಲಿ ಬಾಡಿಗೆಗೆ ಕೊಡುವ ಮನೆಯೇ ಅದೊಂದು.

ಒಂದು ಬೆಳಗ್ಗೆ ರೋಗಿಗಳೆಲ್ಲ ಹೋದ ಮೇಲೆ ಮಂಜಪ್ಪಣ್ಣ ಉಪಕೇಂದ್ರಕ್ಕೆ ಬಂದು ಬೆಂಚಿನ ಮೇಲೆ ಕುಳಿತರು. ಬಿಪಿ ನೋಡಿದೆ, ಸರಿಯಾಗಿತ್ತು. ಮೊಬೈಲು ನನ್ನ ಮುಂದೆ ಹಿಡಿದರು.

"ಇದು ಹೌದಾ ಸಿಸ್ಟರೆ? ನಿಜ ಹೇಳಿ. ದೊಡ್ಡೋರಿಗೆ ಹಾಲು ವಿಷವಾ?"

"ವಿಷ ಅಲ್ರೀ ಅಣ್ಣಾರ," ಎಂದೆ. ನನಗೆ ತಿಳಿದಷ್ಟನ್ನು ಸಾವಕಾಶ ಹೇಳಿದೆ. ಹಾಲಿನಲ್ಲಿ ಒಂದು ಬಗೆಯ ಸಕ್ಕರೆ ಇರುತ್ತದೆ. ಅದನ್ನು ಕರಗಿಸುವ ಶಕ್ತಿ ಮಕ್ಕಳ ಹೊಟ್ಟೆಯಲ್ಲಿ ಚೆನ್ನಾಗಿರುತ್ತದೆ. ದೊಡ್ಡವರಾಗುತ್ತ ಅದು ಬಹಳ ಜನರಲ್ಲಿ ಕಡಿಮೆಯಾಗುತ್ತದೆ, ಕೆಲವರಲ್ಲಿ ಹಾಗೇ ಉಳಿಯುತ್ತದೆ. ಆ ಶಕ್ತಿ ಉಳಿದವರು ಹಿತವಾಗಿ ಕುಡಿಯಬಹುದು. ಮೂಳೆಗೆ, ಮೈಗೆ ಒಳ್ಳೆಯದು. ಅದು ಕಡಿಮೆಯಾದವರಿಗೆ ಹೊಟ್ಟೆ ಉಬ್ಬರ, ನೋವು, ಭೇದಿ. ಅಂಥವರಿಗೂ ಮೊಸರು ಮಜ್ಜಿಗೆ ಸಾಮಾನ್ಯವಾಗಿ ಒಗ್ಗುತ್ತದೆ. ಹಾಲು ಬಿಟ್ಟರೆ ಕೆಡುಕೇನಿಲ್ಲ, ರಾಗಿ, ಎಳ್ಳು, ಸೊಪ್ಪು, ಸಣ್ಣ ಮೀನು ತಿಂದರಾಯಿತು. "ನಿಮಗೇನರ ತ್ರಾಸ ಆಗತೈತೇನ್ರಿ?"

"ನಂಗೆ ಎಂತದೂ ಇಲ್ಲ. ರಾತ್ರಿ ಒಂದ್ ಲೋಟ ಕುಡಿದ್ರೇ ನಿದ್ದೆ ಬರೋದು." ಅವರು ಮೊಬೈಲನ್ನು ಕಿಸೆಗೆ ಹಾಕಿದರು. ಆಮೇಲೆ ಹೆಂಡತಿಯ ಮಾತೆತ್ತಿದರು. "ಅವಳಿಗೆ ಹೊಟ್ಟೆನೋವು. ಊಟ ಮಾಡಿ ಏಳ್ತಾ ಹೊಟ್ಟೆ ಹಿಡ್ಕೋತಾಳೆ. ಕೇಳಿದ್ರೆ ಗ್ಯಾಸ್ಟ್ರಿಕ್ ಅಂತಾಳೆ. ತಣ್ಣನೆ ಹಾಲು ಕುಡಿದ್ರೆ ಸರಿಯಾಗ್ತದೆ ಅಂತ ಮತ್ತೊಂದ್ ಲೋಟ ಕುಡೀತಾಳೆ. ಆಸ್ಪತ್ರೆಗೆ ಬಾ ಅಂದ್ರೆ ಬರಲ್ಲ. ಅವಳ ಅಕ್ಕ ಇದ್ಲಲ, ಅವಳೂ ಹಿಂಗೇ ಗ್ಯಾಸ್ಟ್ರಿಕ್ ಅಂತಿದ್ಲು. ಮಣಿಪಾಲದ ಆಸ್ಪತ್ರೆಗೆ ಕರ್ಕೊಂಡು ಹೋಗೋ ಹೊತ್ತಿಗೆ ಹೊಟ್ಟೇಲಿ ಕ್ಯಾನ್ಸರ್ ಹಬ್ಬಿಬಿಟ್ಟಿತ್ತು. ಉಳೀಲಿಲ್ಲ."

"ಇದನ್ನ ಅಕ್ಕಾರಿಗೆ ಹೇಳೀರೇನ್ರಿ?"

"ಹೇಳಿದ್ರೆ ಹೆದರ್ತಾಳೆ. ದನ ಇಲ್ದಿದ್ರೆ ಹಾಲು ಇರಲ್ಲ. ಅಷ್ಟಾದ್ರೂ ಆಗ್ಲಿ ಅಂತ."

ಇಷ್ಟು ದಿನ ಮೊಬೈಲು ನಂಬಿ ಹೆಂಡತಿಯ ಹಸು ಮಾರಲು ಹೊರಟ ಹಟಮಾರಿ ಎಂದುಕೊಂಡಿದ್ದ ಮನುಷ್ಯ ಹೀಗೆ ಹೆದರಿಕೊಂಡು ನನ್ನೆದುರು ಕುಳಿತಿದ್ದರು. "ದನ ಮಾರಿದ್ರ ಹೊಟ್ಟ್ಯಾಗ ಏನೈತಿ ಅಂತ ಗೊತ್ತಾಗಂಗಿಲ್ರೀ ಅಣ್ಣಾರ. ಮೊದ್ಲು ಡಾಕ್ಟರಿಗೆ ತೋರಿಸ್ಬೇಕು. ಮತ್ತ ನೀವೇ ಹೇಳ್ಬೇಕು. ನಾ ಹೇಳಂಗಿಲ್ಲ," ಎಂದೆ.

ಆ ಸಂಜೆ ಕೊಟ್ಟಿಗೆಗೆ ಹೋದೆ. ಅಕ್ಕ ಕೆಂಪಿಯ ಹಾಲು ಕರೆಯುತ್ತಿದ್ದರು. ನಾನು ಬಂದದ್ದು ಗೊತ್ತಾದರೂ ತಿರುಗಿ ನೋಡಲಿಲ್ಲ.

"ನಿಮ್ಮ ಹಾಲಿಂದು ತಪ್ಪಿಲ್ರೀ ಅಕ್ಕಾರ. ನನ್ನ ಹೊಟ್ಟೀದು ತಪ್ಪು," ಎಂದೆ.

ಅವರ ಭುಜ ಸ್ವಲ್ಪ ಅಲುಗಿತು. ನಕ್ಕರೆಂದು ಆಮೇಲೆ ತಿಳಿಯಿತು. "ಅಲ್ಲ ಲೀಲಾ, ಈ ಮನೇಲಿ ನಾನು ಕೂಗಿದ್ರೆ ಓಡಿ ಬರೋದು ಇವೆರಡೇ. ಇವನ್ನೂ ಕೊಡ್ತೀನಿ ಅಂತಾರಲ್ಲ ಇವರು. ನಾನು ಎಂತ ಮಾಡಿದೀನಿ ಅಂತ?"

ನಾಲಿಗೆಯ ತುದಿಗೆ ಬಂದ ಮಾತನ್ನು ನುಂಗಿಕೊಂಡೆ.

ಮಾತು ಹೊರಬಂದದ್ದು ಎರಡು ದಿನದ ಮೇಲೆ, ಭಾನುವಾರದ ಮಧ್ಯಾಹ್ನ. ಅಕ್ಕ ನನ್ನನ್ನು ಊಟಕ್ಕೆ ಕರೆದಿದ್ದರು. ಒಂದೆಲಗದ ತಂಬುಳಿ ಮಾಡಿದ್ದರು. ಸೊಪ್ಪನ್ನು ತೆಂಗಿನಕಾಯಿಯೊಡನೆ ರುಬ್ಬಿ ಮಜ್ಜಿಗೆಯಲ್ಲಿ ಕಲಸಿದ, ಅನ್ನಕ್ಕೆ ಹಾಕಿಕೊಳ್ಳುವ ತಣ್ಣನೆಯ ಸಾರಿನಂಥದ್ದು. ನನಗಾಗಿಯೇ ಮಾಡಿದ್ದೆಂದು ಹೇಳಲಿಲ್ಲ, ಆದರೆ ಎರಡು ಸಲ ಬಡಿಸಿದರು. ಊಟ ಮುಗಿದು ಏಳುವಾಗ ಗೋಡೆಗೆ ಒಂದು ಕೈ ಊರಿ, ಇನ್ನೊಂದು ಕೈಯಲ್ಲಿ ಹೊಟ್ಟೆ ಒತ್ತಿಕೊಂಡರು.

ಮಂಜಪ್ಪಣ್ಣ ತಟ್ಟೆಯನ್ನೇ ನೋಡುತ್ತ ಹೇಳಿದರು. "ನಿನ್ನ ಅಕ್ಕನೂ ಹಿಂಗೇ ಗೋಡೆ ಹಿಡ್ಕೊಂಡು ಏಳ್ತಿದ್ಲು."

ಸರೋಜಕ್ಕ ನಿಂತಲ್ಲೇ ನಿಂತರು. "ಅದಕ್ಕಾ ದನ ಮಾರ್ತೀನಿ ಅಂದಿದ್ದು?"

ಮಂಜಪ್ಪಣ್ಣ ಹೌದೆಂದು ತಲೆಯಾಡಿಸಿದರು.

"ಬಾಯಿ ಬಿಟ್ಟು ಹೇಳ್ಬಾರ್ದಾ? ನಂಗೇನು ಹೆದ್ರಿಕೆ ಇಲ್ಲ ಅನ್ಕೊಂಡ್ರಾ? ಆಸ್ಪತ್ರೆಗೆ ಹೋದ್ರೆ ಅದನ್ನೇ ಹೇಳ್ತಾರೆ ಅಂತಾನೇ ನಾನು ಹೋಗಿಲ್ಲ." ಆಮೇಲೆ ನನ್ನ ಕಡೆ ತಿರುಗಿದರು. "ನೀನು ಜೊತೆಗೆ ಬರ್ತೀಯಾ?"

ರಜೆ ಹಾಕಿ ಹೋದೆ. ಸಾಗರದ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ, ಸ್ಕ್ಯಾನಿಂಗ್, ಆಮೇಲೆ ಮತ್ತೊಂದು ದಿನ ಗಂಟಲಿನಿಂದ ಕೊಳವೆ ಇಳಿಸಿ ಹೊಟ್ಟೆ ನೋಡುವ ಪರೀಕ್ಷೆ. ಒಳಗೆ ಕರೆಯುವಾಗ ಅಕ್ಕ ಕರಿಮಣಿ ಸರ ಬಿಚ್ಚಿ ಗಂಡನ ಕೈಗೆ ಕೊಟ್ಟರು. ಅವರು ಅದನ್ನು ಕಿಸೆಗೆ ಹಾಕದೆ ಮುಷ್ಟಿಯಲ್ಲೇ ಹಿಡಿದುಕೊಂಡು ಕುಳಿತರು. ಎಲ್ಲ ಸರಿಹೋದರೆ ಸಿಗಂದೂರಿಗೆ ಬರುತ್ತೇವೆಂದು ದೇವಿಗೆ ಹೇಳಿಕೊಂಡಿದ್ದೇನೆ ಎಂದು ನನ್ನ ಬಳಿ ಮೆಲ್ಲಗೆ ಹೇಳಿದರು. ಬಸ್ಸು ಓಡಿಸುವಾಗ ಅಷ್ಟು ಜನರನ್ನು ಆ ಕಡೆ ಕರೆದುಕೊಂಡು ಹೋಗಿದ್ದರೂ ಹೆಂಡತಿಯನ್ನು ಒಮ್ಮೆಯೂ ಕರೆದೊಯ್ದಿರಲಿಲ್ಲವಂತೆ.

ಹೆದರುವಂಥದ್ದು ಏನೂ ಇರಲಿಲ್ಲ. ಡಾಕ್ಟರಮ್ಮ ಎಲ್ಲ ರಿಪೋರ್ಟು ನೋಡಿ, ದಿನಕ್ಕೆ ಎಷ್ಟು ಹಾಲು ಕುಡಿಯುತ್ತೀರಿ ಎಂದು ಕೇಳಿದರು. ಅಕ್ಕ ಹೇಳುತ್ತ ಹೋದಂತೆ ಬರೆಯುವುದನ್ನು ನಿಲ್ಲಿಸಿ ಕೇಳಿಸಿಕೊಂಡರು. ಮೂರು ವಾರ ಹಾಲು ಬಿಡಿ, ಮಜ್ಜಿಗೆ ಇರಲಿ, ಆಮೇಲೆ ಮತ್ತೆ ಕುಡಿದು ನೋಡಿ ಎಂದರು. ಹೊರಗೆ ಬಂದ ಮೇಲೆ ಮಂಜಪ್ಪಣ್ಣ ಹೋಟೆಲಿನಲ್ಲಿ ಮೂರು ಮಸಾಲೆ ದೋಸೆ ಹೇಳಿ, ತಾವು ಮಾತ್ರ ತಿನ್ನಲಾರದೆ ಕಣ್ಣೊರೆಸಿಕೊಂಡರು. ಅಕ್ಕ ಅವರ ದೋಸೆಯನ್ನೂ ತಿಂದರು.

ಮೂರನೆಯ ವಾರಕ್ಕೆ ನೋವು ಬಹುಮಟ್ಟಿಗೆ ಹೋಯಿತು. ಮತ್ತೆ ಹಾಲು ಕುಡಿದು ನೋಡಿದ ದಿನ ಮರಳಿ ಬಂತು. ಸಂಗತಿ ಖಚಿತವಾಯಿತು. ಆದರೆ ನಾನು ಎಣಿಸಿದಂತೆ ಅಕ್ಕನಿಗೆ ಬರೀ ಖುಷಿಯಾಗಲಿಲ್ಲ. "ನಾನೇ ಹುಲ್ಲು ಹಾಕಿ, ನಾನೇ ಕರೆದ ಹಾಲು ನಂಗೇ ಆಗಲ್ಲ ಅಂದ್ರೆ ಒಂಥರಾ ಆಗ್ತದೆ ಲೀಲಾ," ಎಂದರು. ಈಗ ಮಂಜಪ್ಪಣ್ಣನಿಗೆ ರಾತ್ರಿಯ ಲೋಟ ಎಂದಿನಂತೆ ಸಿಗುತ್ತದೆ. ನಾವಿಬ್ಬರೂ ಮಜ್ಜಿಗೆಯವರು.

ಊರಿನಲ್ಲಿ ಮಾತ್ರ ಬೇರೆಯೇ ಸುದ್ದಿ ಹಬ್ಬಿತು, ಸಿಸ್ಟರ್ ಹಾಲು ಬಿಡಿಸುತ್ತಾರೆ ಎಂದು. ಡೈರಿಗೆ ಹಾಲು ಹಾಕುವ ಹೆಂಗಸರು ನನ್ನನ್ನು ಕಂಡರೆ ಮಾತು ನಿಲ್ಲಿಸುತ್ತಿದ್ದರು. ಲಸಿಕೆಗೆ ಬಂದ ತಾಯಿಯೊಬ್ಬಳು ತನ್ನ ಎರಡು ವರ್ಷದ ಮಗಳಿಗೆ ಹಾಲು ನಿಲ್ಲಿಸಿದ್ದೇನೆ ಎಂದಳು. "ಮಕ್ಕಳಿಗೆ ಬೇಕ್ರೀ, ಇವತ್ತ ಶುರು ಮಾಡ್ರಿ," ಎಂದು ಅಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳಿದೆ. ಆಮೇಲೆ ಒಂದಿಷ್ಟು ದಿನ ಹೋದ ಮನೆಯಲ್ಲೆಲ್ಲ ಇದೇ ಮಾತು. ನನಗಿಂತ ಚೆನ್ನಾಗಿ ಸರೋಜಕ್ಕನೇ ಇದನ್ನು ಹೇಳುತ್ತಿದ್ದರು. "ಆಗೋರು ಕುಡೀರಿ, ಆಗ್ದೋರು ಬಿಡಿ. ನಮ್ಮನೇಲಿ ಎರಡೂ ಥರದೋರಿದ್ದೀವಿ." ಆ 'ನಮ್ಮನೇಲಿ' ಎಂಬುದರಲ್ಲಿ ನಾನೂ ಸೇರಿದ್ದೆ.

ಎಳ್ಳಮಾವಾಸ್ಯೆಗೆ ಬಾಗಲಕೋಟೆ ಕಡೆಯ ನಮ್ಮೂರಿಗೆ ಹೋದೆ. ಹೊಲದಲ್ಲಿ ಬನ್ನಿ ಗಿಡದ ಕೆಳಗೆ ಕಂಬಳಿ ಹಾಸಿ ಎಲ್ಲರೂ ಕುಳಿತಿದ್ದೆವು. ಸಜ್ಜೆ ರೊಟ್ಟಿ, ಬದನೆಕಾಯಿ, ಶೇಂಗಾ ಹೋಳಿಗೆ. ಸುತ್ತ ಬಿಳಿಜೋಳ ತೆನೆ ಬಿಟ್ಟು ನಿಂತಿತ್ತು, ಕಣ್ಣು ಹಾಯುವ ತನಕ ಬಯಲು. ಅಷ್ಟು ಬೆಳಕಿಗೆ ನನಗೆ ಕಣ್ಣು ಕೋರೈಸಿ, ನೆರಳಿಗೆ ಸರಿದು ಕುಳಿತೆ. ಫೋನು ಬಂತು. ಸರೋಜಕ್ಕ.

"ಲೀಲಾ, ಗೌರಿ ಕರು ಹಾಕ್ತು. ಹೆಣ್ಣು. ಗಿಣ್ಣು ಮಾಡಿದೀನಿ, ನಾನು ಒಂಚೂರು ತಿಂದು ನೋಡ್ತೀನಿ, ಎಂತದೂ ಆಗ್ದಿದ್ರೆ ನಿಂಗೂ ಇಡ್ತೀನಿ. ಯಾವಾಗ ಬರ್ತೀಯಾ?"

ಸೋಮವಾರ ಬರುತ್ತೇನೆಂದು ಹೇಳಿ ಫೋನಿಟ್ಟೆ.

"ಯಾರದು ಫೋನು?" ಅವ್ವ ರೊಟ್ಟಿ ಮುರಿಯುತ್ತ ಕೇಳಿದಳು.

"ಮನಿಯಿಂದ ಬೇ," ಎಂದೆ.

ಅವ್ವ ಅಪ್ಪನನ್ನು ನೋಡಿದಳು, ತಮ್ಮನನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. "ಮನ್ಯಾಗಿನ ಮಂದಿ ಎಲ್ಲಾ ಇಲ್ಲೇ ಕುಂತೀವಲ್ಲ. ಯಾವ ಮನಿಯಿಂದ?"