ಆಫರ್‌ನಲ್ಲಿ ಬಂದ ಸರ್ಟಿಫಿಕೇಟು

“ಪರೀಕ್ಷೆಯ ಫೀಸು ಆಫರ್‌ನಲ್ಲಿ ಅರ್ಧಕ್ಕೇ ಸಿಕ್ಕಿತು ಸರ್!”

ಇಂಟರ್‌ವ್ಯೂನಲ್ಲಿ ಶಾಲಿನಿ ಹೆಮ್ಮೆಯಿಂದ ಹೇಳಿದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಅದನ್ನು ಅಂದು ಕಣ್ಣಾರೆ ಕಂಡೆ.

ಶಾಲಿನಿ ದೋಹಾದ ನಮ್ಮ ಆಫೀಸಿನ ರಿಸೆಪ್ಷನಿಸ್ಟ್. ಕಾರ್ಕಳದ ಕಡೆಯವಳು. ಗಂಡ ಮೆಸಯೀದ್‌ನ ಕಾರ್ಖಾನೆಯಲ್ಲಿ ಟೆಕ್ನಿಷಿಯನ್. ಐದು ವರ್ಷ ಫೋನ್ ಎತ್ತಿ ಎತ್ತಿ ಬೇಸತ್ತವಳಿಗೆ ಲಿನಕ್ಸ್ ಕಲಿಯುವ ಹುಚ್ಚು ಹಿಡಿಯಿತು. (ಲಿನಕ್ಸ್ ಎಂದರೆ ಸರ್ವರ್‌ಗಳನ್ನು ನಡೆಸುವ ಸಾಫ್ಟ್‌ವೇರ್. ಪುಕ್ಕಟೆ ಸಿಗುತ್ತದೆ. ನಮ್ಮ ಆಫೀಸಿನ ಸರ್ವರ್ ನಡೆಯುವುದೂ ಅದರಿಂದಲೇ.) ಇಂಟರ್‌ನೆಟ್‌ನಲ್ಲಿ ಬಿಟ್ಟಿ ಪಾಠ, ನಜ್ಮಾದ ಅಂಗಡಿಯಿಂದ ತಂದ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್. ಒಂದೂವರೆ ವರ್ಷ ಒದ್ದಾಡಿದಳು. ಲಿನಕ್ಸ್ ಸರ್ಟಿಫಿಕೇಟಿನ ಪರೀಕ್ಷೆಯಲ್ಲಿ ಮೊದಲ ಸಲಕ್ಕೇ ಪಾಸಾದಳು.

ಬರೀ ಪರೀಕ್ಷೆಯ ವಿದ್ಯೆಯೇ? ಅಲ್ಲ. ಕಳೆದ ರಂಜಾನ್‌ನಲ್ಲಿ ಆಫೀಸಿನ ಸರ್ವರ್ ಮಲಗಿತು. ನೋಡಿಕೊಳ್ಳುವವನು ರಜೆಯಲ್ಲಿ ಊರಿಗೆ ಹೋಗಿದ್ದ. ನಾವು ಅಡ್ಮಿನ್‌ನವರೆಲ್ಲ ಕೈಕಟ್ಟಿ ನಿಂತಿದ್ದಾಗ ಶಾಲಿನಿ ಬಂದು ಕುಳಿತಳು. ಸರ್ವರ್ ತನ್ನ ದಿನಚರಿ ಬರೆದಿಡುವ ಲಾಗ್ ಫೈಲ್‌ಗಳು ಬೆಳೆದು ಡಿಸ್ಕ್‌ನಲ್ಲಿ ಜಾಗವೇ ಉಳಿದಿಲ್ಲ ಎಂದು ಕಂಡುಹಿಡಿದಳು. ಬೇಡದ್ದನ್ನು ತೆಗೆದು ಸರ್ವರನ್ನು ಎಬ್ಬಿಸಿದಳು. ಮತ್ತೆ ಹಾಗಾಗದಂತೆ ಏರ್ಪಾಡನ್ನೂ ಮಾಡಿ ತನ್ನ ಫೋನಿನ ಮುಂದೆ ಹೋಗಿ ಕುಳಿತಳು.

ಊರಿಗೆ ಹೋದವನು ವಾಪಸ್ ಬರಲೇ ಇಲ್ಲ. ಆ ಕೆಲಸಕ್ಕೆ ಶಾಲಿನಿ ಅರ್ಜಿ ಹಾಕಿದಳು. ಅವಳ ಗಂಡನ ಕಾಂಟ್ರಾಕ್ಟ್ ಮುಗಿಯುವುದರಲ್ಲಿತ್ತು. ರಿಸೆಪ್ಷನಿಸ್ಟ್ ಸಂಬಳದಲ್ಲಿ ಇಲ್ಲಿ ಸಂಸಾರ ನಡೆಯುವುದಿಲ್ಲ. ಈ ಕೆಲಸ ಸಿಕ್ಕರೆ ಇಲ್ಲಿರಬಹುದು, ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು.

ಪ್ಯಾನೆಲ್‌ನಲ್ಲಿ ಮೂವರಿದ್ದೆವು. ಮ್ಯಾನೇಜರ್ (ನಮ್ಮ ದೇಶದವರೇ), ಎಚ್‌ಆರ್‌ನವರು ಮತ್ತು ಅಡ್ಮಿನ್ ವಿಭಾಗದ ನಾನು. “ಯಾವ ಇನ್‌ಸ್ಟಿಟ್ಯೂಟ್?” ಎಂದರು ಮ್ಯಾನೇಜರ್. ಯಾವುದೂ ಇಲ್ಲ ಎಂದಳು. “ಎಷ್ಟು ಖರ್ಚಾಯಿತು?” ಆಗಲೇ ಅವಳು ಆಫರ್‌ನ ಮಾತೆತ್ತಿದ್ದು.

ಅವಳದೇನು ತಪ್ಪು, ನೀವೇ ಹೇಳಿ? ಇಲ್ಲಿ ಯಾರು ಏನು ಕೊಂಡರೂ ನಮ್ಮವರ ಮೊದಲ ಪ್ರಶ್ನೆ “ಎಷ್ಟಕ್ಕೆ ಸಿಕ್ತು?” ಕಡಿಮೆ ಹೇಳಿದವರೇ ಗೆದ್ದವರು. ಅಲ್ ವಕ್ರಾದ ನಮ್ಮ ಬಿಲ್ಡಿಂಗ್‌ನಲ್ಲಿ ಗುರುವಾರ ಸಂಜೆಯಾದರೆ (ಶುಕ್ರವಾರ ಇಲ್ಲಿ ರಜೆ) ಹೈಪರ್‌ಮಾರ್ಕೆಟ್ ಆಫರ್‌ಗಳದ್ದೇ ಹರಟೆ. ಆ ಹರಟೆಯಲ್ಲಿ ಬೆಳೆದ ಹೆಮ್ಮೆಯನ್ನೇ ಪಾಪದವಳು ಇಂಟರ್‌ವ್ಯೂಗೂ ತಂದಳು. ಅಕ್ಕಿ ಅಗ್ಗಕ್ಕೆ ಬಂದರೆ ಜಾಣತನ, ವಿದ್ಯೆ ಅಗ್ಗಕ್ಕೆ ಬಂದರೆ ಕಳಪೆ ಮಾಲು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

“ಒಂದು ತಗೊಂಡ್ರೆ ಒಂದು ಫ್ರೀನಾ?” ಎಂದರು ಮ್ಯಾನೇಜರ್. ಎಚ್‌ಆರ್‌ನವರು ನಕ್ಕರು.

ನಾನೂ ನಕ್ಕೆ. (ಮುಂದಿನ ತಿಂಗಳು ನನ್ನ ಅಪ್ರೈಸಲ್ ಇತ್ತು, ಬರೆಯುವವರು ಈ ಮ್ಯಾನೇಜರೇ.) ರಂಜಾನ್‌ನಲ್ಲಿ ಸರ್ವರ್ ಎಬ್ಬಿಸಿದ್ದು ಇವಳೇ ಎಂಬ ಒಂದು ಮಾತು ನನ್ನ ಬಾಯಿಂದ ಬರಲಿಲ್ಲ. ಬರೆಯುವಾಗಲೂ ನಾಚಿಕೆಯಾಗುತ್ತದೆ.

ನಂತರ ಬಂದವನ ಕೈಯಲ್ಲಿ ದುಬಾರಿ ಇನ್‌ಸ್ಟಿಟ್ಯೂಟಿನ ದಪ್ಪ ಫೈಲ್ ಇತ್ತು. ಡಿಸ್ಕ್ ತುಂಬಿದರೆ ಏನು ಮಾಡುತ್ತೀರಿ ಎಂದು ನಾನೇ ಕೇಳಿದೆ. “ಹೊಸ ಡಿಸ್ಕ್‌ಗೆ ರಿಕ್ವೆಸ್ಟ್ ಹಾಕುತ್ತೇನೆ ಮೇಡಂ.” ಮ್ಯಾನೇಜರ್ ಮೆಚ್ಚಿ ತಲೆದೂಗಿದರು. ಖಲಾಸ್. ಅವನ ಹೆಸರಿನ ಮುಂದೆ ಮೂರು ಸಹಿ ಬಿದ್ದವು.

ಮರುದಿನ ಪ್ಯಾಂಟ್ರಿಯಲ್ಲಿ ಶಾಲಿನಿ ಸಿಕ್ಕಿದಳು. ಕಣ್ಣು ಕೆಂಪಾಗಿತ್ತು.

“ಅಕ್ಕ, ನಾನು ಎಂತ ತಪ್ಪು ಹೇಳಿದ್ದು? ಕೆಲಸದ್ದು ಒಂದು ಪ್ರಶ್ನೆ ಸಹ ಕೇಳ್ಲಿಲ್ಲ ಅಲ್ವಾ ನೀವು ಯಾರೂ? ಇನ್ನು ಊರಿಗೆ ಹೋಗುವುದೇ ನಾವು.”

“ಬೇಜಾರು ಮಾಡ್ಬೇಡ ಮಾರಾಯ್ತಿ, ಎಲ್ಲ ದೇವರಿಚ್ಛೆ” ಎಂದೆ.

ದೇವರು ಆ ರೂಮಿನಲ್ಲಿ ಇರಲಿಲ್ಲ. ನಾನಿದ್ದೆ.