ಶೆಡ್ಡಿನೊಳಗಿನ ತೂಗುದೀಪ

ಮೈಮೇಲೆ ಬರುವುದು ಅಂದರೆ ನನಗೆ ಚಿಕ್ಕಂದಿನಿಂದಲೂ ನಗು. ನಮ್ಮೂರು ಕುಂದಾಪುರದ ಹತ್ತಿರ. ದೈವ ಮೈಮೇಲೆ ಬರುವ ದರ್ಶನದ ಪಾತ್ರಿ ಅಡಕೆ ಹೂವಿನ ಹಿಂಗಾರ ಹಿಡಿದು ನಡುಗುತ್ತಾ ಅಬ್ಬರಿಸಿದರೆ ಊರೆಲ್ಲ ಕೈ ಮುಗಿಯುತ್ತಿತ್ತು. ನಾನು ಮನೆಗೆ ಬಂದು ಪೊರಕೆ ಹಿಡಿದು ಅದೇ ದನಿ ತೆಗೆಯುತ್ತಿದ್ದೆ. ಆಮೇಲೆ ಅದೇ ಪೊರಕೆಯಿಂದ ಅಜ್ಜಿ ನನಗೆ ಪ್ರಸಾದ ಕೊಡುತ್ತಿದ್ದಳು. ದನಿ ಅನ್ನುವುದು ಗಂಟಲು, ಮೂಗು, ಹಲ್ಲು, ನಾಲಿಗೆಯ ಆಟ. ಅದರಲ್ಲಿ ದೇವರಿಗೂ ದೆವ್ವಕ್ಕೂ ಏನು ಕೆಲಸ ಎಂಬುದು ನನ್ನ ವಾದ. ಈಗಲೂ ಹೆಚ್ಚುಕಮ್ಮಿ ಅದೇ ವಾದ. ಒಂದು ಸಂಜೆಯ ಮಟ್ಟಿಗೆ ಮಾತ್ರ ಅದು ನಿಲ್ಲುವುದಿಲ್ಲ. ನೀವು ನಂಬಬೇಕೆಂದು ಹೇಳುತ್ತಿಲ್ಲ. ಬೇರೆ ಯಾರಾದರೂ ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ, ಅವರ ಎದುರೇ ಅವರ ಮಿಮಿಕ್ರಿ ಮಾಡಿ ಕಳಿಸುತ್ತಿದ್ದೆ.

ತೊಂಬತ್ತರ ದಶಕದ ಕೊನೆ. ಲಂಡನ್ನಿನ ಈಸ್ಟ್ ಹ್ಯಾಮ್‌ನಲ್ಲಿ ನನಗೆ ಹಗಲು ಓದು, ಸಂಜೆ ಒಂದು ಉಡುಪಿ ಹೋಟೆಲಿನಲ್ಲಿ ತಟ್ಟೆ ಹೊರುವ ಕೆಲಸ. ಅಲ್ಲಿ ದೋಸೆ ಹುಯ್ಯುತ್ತಿದ್ದ ಶೇಖರಣ್ಣನೂ ನಾನೂ ಒಂದೇ ಬಾಡಿಗೆ ಮನೆಯಲ್ಲಿದ್ದೆವು. ಇನ್ನೊಂದು ಚಟ್ನಿ ಕೇಳಿದರೆ ಧಣಿ ನರಳುವ ರೀತಿ, ಟ್ಯೂಬ್ ರೈಲಿನಲ್ಲಿ ನಿಲ್ದಾಣದ ಹೆಸರು ಕೂಗುವ ಹೆಂಗಸು, ಇಮಿಗ್ರೇಶನ್ ಕೌಂಟರಿನ ಮುಂದೆ ಬೆಕ್ಕಿನ ಮರಿಯಂತಾದ ನನ್ನದೇ ದನಿ, ಯಾವುದನ್ನೂ ನಾನು ಬಿಟ್ಟವನಲ್ಲ. ಪಕ್ಕದ ಮನೆಯ ಎಲ್ಸಿ ಅಜ್ಜಿಗೆ ಇದು ಬಹಳ ಇಷ್ಟ. ತಲತಲಾಂತರದಿಂದ ಅದೇ ಬೀದಿಯವಳು, ಒಬ್ಬಂಟಿ. ಬೇಲಿಯ ಮೇಲೆ ಗಲ್ಲ ಊರಿ, "ಇವತ್ತು ನನ್ನನ್ನು ಮಾಡು ನೋಡೋಣ" ಅನ್ನುತ್ತಿದ್ದಳು. ಮಾಡಿದರೆ, "ನಾನು ಅಷ್ಟು ಕೆಟ್ಟದಾಗಿ ಮಾತಾಡ್ತೀನಾ!" ಎಂದು ಬೈದು ಬಿಸ್ಕತ್ತು ಕೊಡುತ್ತಿದ್ದಳು.

ಆ ಜೂನ್ ತಿಂಗಳಲ್ಲಿ ಶೇಖರಣ್ಣನ ಕಾಲು ನೆಲದ ಮೇಲಿರಲಿಲ್ಲ. ವರ್ಷಗಟ್ಟಲೆ ಕಾದ ಮೇಲೆ ಹೆಂಡತಿ ಗಿರಿಜಕ್ಕನಿಗೆ ವೀಸಾ ಸಿಕ್ಕಿತ್ತು, ಶನಿವಾರ ಬರುವವಳಿದ್ದಳು. ಅವಳಿಗೆ ಬಸಳೆ ಅಂದರೆ ಪ್ರಾಣ. ಈ ಚಳಿದೇಶದಲ್ಲಿ ಬಸಳೆ ಹಬ್ಬುತ್ತದೋ ಇಲ್ಲವೋ, ಚಪ್ಪರವಂತೂ ಅವಳು ಬರುವ ಮೊದಲೇ ಏಳಬೇಕು ಎಂದು ಅವನ ಹಟ. ಸೋಮವಾರ ಹೋಟೆಲಿಗೆ ರಜೆ. ಹಿತ್ತಲಿನ ಹಳೇ ಶೆಡ್ಡಿನ ಮಾಡಿಗೆ ಒಳಗಿನಿಂದ ಹೊಡೆದಿದ್ದ ಹಲಗೆ ಕಿತ್ತರೆ ಚಪ್ಪರಕ್ಕಾಯಿತು ಎಂದು ಲೆಕ್ಕ ಹಾಕಿ, ಸಂಜೆ ಅವನು ಸ್ಟೂಲು ಹತ್ತಿದ. ನಾನು ಕೆಳಗೆ ಸ್ಟೂಲು ಹಿಡಿದುಕೊಂಡು ಧಣಿಯ ದನಿಯಲ್ಲಿ, "ಶೇಖರ, ಮೊಳೆ ಜೋಪಾನ, ಮೊಳೆಗೂ ದುಡ್ಡು ಕೊಟ್ಟದ್ದು!" ಅನ್ನುತ್ತಿದ್ದೆ. ಹೊರಗೆ ಇನ್ನೂ ಚೆನ್ನಾಗಿ ಬಿಸಿಲಿತ್ತು.

ಮೂಲೆಯ ಹಲಗೆ ಕಿತ್ತು ಬಂತು. ಧೂಳು, ಹಕ್ಕಿಗೂಡಿನ ಕಸ ತಲೆ ಮೇಲೆ ಸುರಿಯಿತು. ಆಮೇಲೆ ಶೇಖರಣ್ಣನ ಖುಷಿಯ ಕೂಗು.

"ಹೋಯ್, ಇಲ್ಲೊಂದು ತೂಗುದೀಪ ಉಂಟು ಮಾರಾಯ!"

ತಲೆಯೆತ್ತಿ ನೋಡಿದೆ. ಹೌದು, ತೂಗುದೀಪವೇ. ಅಡ್ಡತೊಲೆಗೆ ಸುತ್ತಿಕೊಂಡ ಗಿಡ್ಡ ತಂತಿ, ಅದರ ತುದಿಯಲ್ಲಿ ಹಾಲಿನ ಡಬ್ಬಿಯಷ್ಟು ದಪ್ಪದ ಕಬ್ಬಿಣದ ಗುಂಡು. ತಂತಿಯ ಬುಡದಲ್ಲಿ, ತೊಲೆಯ ಹತ್ತಿರ, ರೆಕ್ಕೆಯ ಹಾಗೆ ಬಿಚ್ಚಿಕೊಂಡ ಎಸಳಿನಂಥ ತಗಡು. ಎಲ್ಲ ತುಕ್ಕು.

"ನಮಗಿಂತ ಮುಂಚೆ ಯಾರೋ ನಮ್ಮವ್ರೇ ಇದ್ದಿರ್ಬೇಕು. ಹುಣಸೆಹುಳಿ ಹಚ್ಚಿ ತಿಕ್ಕಿದ್ರೆ ಫಳಫಳ. ಗಿರಿಜ ಬಂದ ದಿನವೇ ಹೊತ್ತಿಸುವ" ಎನ್ನುತ್ತಾ ಅವನು ಕೈ ಚಾಚಿದ.

ಫೋನಿನಲ್ಲಿ ಕೇಳಿದ್ದ ಗಿರಿಜಕ್ಕನ ದನಿಯಲ್ಲಿ, "ಇಷ್ಟು ವರ್ಷ ಕಾಯಿಸಿ ಕಡೆಗೆ ತುಕ್ಕು ದೀಪವಾ?" ಅನ್ನಬೇಕೆಂದು ನಾನು ಬಾಯಿ ತೆರೆದೆ. ಬಂದದ್ದು ಬೇರೆ.

ಗಂಡಸಿನ ದನಿ, ಎಳೆಯದು, ಅಪ್ಪಟ ಈ ಬೀದಿಯ ಇಂಗ್ಲಿಷು. ಕೂಗಲಿಲ್ಲ, ಮೆತ್ತಗೆ ಹೇಳಿತು: ಅಲುಗಾಡಬೇಡ, ಕೈ ನಿಧಾನವಾಗಿ ಹಿಂದಕ್ಕೆ ತಗೋ, ಅದನ್ನು ಮುಟ್ಟಬಾರದು. 'ಸ' ಬಂದಲ್ಲೆಲ್ಲ ಸಣ್ಣ ಸಿಳ್ಳೆ, ಮುಂದಿನ ಹಲ್ಲು ಮುರಿದವರಿಗೆ ಬರುತ್ತದಲ್ಲ, ಹಾಗೆ. ನನ್ನ ಹಲ್ಲೆಲ್ಲ ನೆಟ್ಟಗಿವೆ.

ಶೇಖರಣ್ಣ ನಕ್ಕುಬಿಟ್ಟ. "ಇದ್ಯಾರು ಹೊಸ ಗಿರಾಕಿ? ಲಾಯ್ಕುಂಟು, ಇನ್ನೊಂದ್ಸಲ ಹೇಳು."

ಇನ್ನೊಂದು ಸಲ ಬಂತು. ಅದೇ ಮಾತು, ಅದೇ ಸಿಳ್ಳೆ. ನನ್ನ ದನಿಯಲ್ಲಿ "ಇದು ನಾನಲ್ಲ" ಅನ್ನಲು ಒದ್ದಾಡಿದೆ, ಗಂಟಲು ನನ್ನದಾಗಿರಲಿಲ್ಲ. ಅವನನ್ನು ಎಳೆಯೋಣವೆಂದರೆ ಸ್ಟೂಲು ಅಲುಗುತ್ತದೆ. ದಿನವಿಡೀ ಮಂಗಾಟ ಮಾಡುವವನ ಮಾತನ್ನು ಯಾರು ನಂಬುತ್ತಾರೆ? ಅವನು ನಗುತ್ತಲೇ ತಂತಿಗೆ ಬೆರಳು ಹಾಕಿದ.

ಆಗ ಶೆಡ್ಡಿನ ಹಲಗೆಗೋಡೆಯಾಚೆಯಿಂದ, ಅದಕ್ಕೆ ಒತ್ತಿಕೊಂಡಿದ್ದ ಬೇಲಿಯ ಹತ್ತಿರ, ಎಲ್ಸಿಯ ದನಿ. "ಆರ್ಥರ್?"

ನನ್ನ ಗಂಟಲು ತಟ್ಟನೆ ಬಿಟ್ಟಿತು. "ನಾನು, ಎಲ್ಸಿ" ಅಂದೆ.

"ಒಳಗೆ ಏನು ಮುಟ್ಟುತ್ತಿದ್ದೀರಿ?"

"ರೆಕ್ಕೆ ಇರುವ ಒಂದು ದೀಪ. ತಂತಿಯಲ್ಲಿ ನೇತಾಡುತ್ತಿದೆ."

ಆ ಮುದುಕಿ ಕಿರುಚಿದ್ದು ಈಗಲೂ ನನ್ನ ಕಿವಿಯಲ್ಲಿದೆ. ಬಾಂಬು, ಬಿಡಿ, ಹೊರಗೆ ಬನ್ನಿ.

ಶೇಖರಣ್ಣನ ನಗು ನಿಂತಿತು. "ಬಿಟ್ರೆ ಅಲ್ಲಾಡ್ತದಲ್ಲೋ" ಎಂದು ಪಿಸುಗುಟ್ಟಿದ. ಒಂದೊಂದೇ ಬೆರಳು ಬಿಡಿಸಿದ. ಗುಂಡು ತುಸು ತಿರುಗಿತು, ನಿಂತಿತು. ಅವನು ಇಳಿಯುವವರೆಗೆ ನಾನು ಎರಡೂ ಕೈಯಲ್ಲಿ ಸ್ಟೂಲು ಒತ್ತಿ ಹಿಡಿದೆ. ಇಬ್ಬರೂ ಹಿಂದಕ್ಕೆ ನಡೆಯುತ್ತಲೇ ಹೊರಬಂದೆವು, ರಾಜನೆದುರಿಂದ ಬರುವವರ ಹಾಗೆ.

ಪೊಲೀಸರು ಬಂದರು, ಬೀದಿ ಖಾಲಿ ಮಾಡಿಸಿದರು, ಸೇನೆಯವರು ಬಂದರು. ಅದು ಎರಡನೇ ಮಹಾಯುದ್ಧದಲ್ಲಿ ಜರ್ಮನರು ವಿಮಾನದಿಂದ ಹಾಕಿದ ಚಿಟ್ಟೆ ಬಾಂಬು ಎಂದರು. ರೆಕ್ಕೆ ಬಿಚ್ಚಿ ತಿರುಗುತ್ತಾ ಇಳಿದು, ಕೆಲವು ಸಿಡಿಯದೆ ಮರದಲ್ಲೋ ಮಾಡಿನಲ್ಲೋ ಸಿಕ್ಕಿಕೊಂಡು, ಮುಟ್ಟುವ ಕೈಗಾಗಿ ಕಾಯುತ್ತವಂತೆ. ಬಿಚ್ಚಿ ನಿಷ್ಕ್ರಿಯ ಮಾಡಲು ಹೋದವರೇ ಎಷ್ಟೋ ಜನ ಸತ್ತಿದ್ದಾರಂತೆ. ಅದಕ್ಕೇ ಇದ್ದಲ್ಲೇ ಸಿಡಿಸುತ್ತಾರೆ. ಮಾಡು ತೂತಾದದ್ದಕ್ಕೆ ಯಾರೋ ಹೊರಗಿನಿಂದ ತೇಪೆ ಹಾಕಿರಬೇಕು, ಹಲಗೆಯ ಒಳಗೆ ಇಣುಕಿರಲಿಕ್ಕಿಲ್ಲ ಎಂದರು. ನಮ್ಮನ್ನೆಲ್ಲ ಕೂರಿಸಿದ್ದ ಶಾಲೆಯ ಸಭಾಂಗಣದವರೆಗೂ ಅದರ ಸದ್ದು ಕೇಳಿತು. ಶೆಡ್ಡಿನ ಜೊತೆ ಚಪ್ಪರದ ಹಲಗೆಗಳೂ ಹೋದವು.

ಆ ಸಭಾಂಗಣದಲ್ಲೇ ಎಲ್ಸಿ ಹೇಳಿದ್ದು. ಆರ್ಥರ್ ಅವಳ ಅಣ್ಣ. ಯುದ್ಧದಲ್ಲಿ, ದೂರದ ಒಂದು ಕಡಲತೀರದ ಊರಿನಲ್ಲಿ, ಇಂಥದೇ ಬಾಂಬು ತೆಗೆಯುವ ಕೆಲಸದಲ್ಲಿದ್ದ. ಒಂದು ಅಟ್ಟದಲ್ಲಿ ನೇತಾಡುತ್ತಿದ್ದುದು ಅವನನ್ನು ಬಲಿ ತೆಗೆದುಕೊಂಡಿತು. ಹುಡುಗನಾಗಿದ್ದಾಗ ಗೋಡೆಯಿಂದ ಬಿದ್ದು ಮುಂದಿನ ಹಲ್ಲು ಮುರಿದುಕೊಂಡಿದ್ದ. ಆಮೇಲೆ ತೋರಿಸಿದ ಫೋಟೋದಲ್ಲಿ ಅವನು ಬಾಯಿ ಮುಚ್ಚಿಕೊಂಡೇ ನಗುತ್ತಿದ್ದಾನೆ.

ಅವಳು ಎಂದೋ ಹೇಳಿದ್ದು ನನ್ನ ತಲೆಯಲ್ಲಿ ಉಳಿದಿತ್ತೇ? ಹೇಳಿಯೇ ಇಲ್ಲ ಎಂದು ಅವಳ ಆಣೆ. ಎಲ್ಲೋ ಚಿತ್ರದಲ್ಲಿ ಆ ಬಾಂಬು ನೋಡಿದ್ದೆನೇ? ನೋಡಿದ್ದರೆ ನಾನೂ ಅದನ್ನು ದೀಪ ಎಂದು ಯಾಕೆ ತಿಳಿದೆ? ಶೇಖರಣ್ಣನನ್ನು ಕೇಳಿದರೆ, "ನಿನ್ನ ಅಜ್ಜಿಯ ಪೊರಕೆಗೆ ಕೈ ಮುಗಿ" ಅನ್ನುತ್ತಾನೆ. ಗಿರಿಜಕ್ಕ ಶನಿವಾರ ಬಂದಳು. ಬಸಳೆ ಹಬ್ಬಲಿಲ್ಲ.

ಕೆಲವು ದಿನ ಬಿಟ್ಟು ಎಲ್ಸಿ ಬೇಲಿಯ ಹತ್ತಿರ ಕರೆದಳು. ಈ ಸಲ ತನ್ನನ್ನು ಮಾಡು ಎನ್ನಲಿಲ್ಲ. "ಅವನದು, ಒಂದೇ ಸಲ" ಅಂದಳು. ನಾಲಿಗೆ ಹಲ್ಲಿಗೆ ಒತ್ತಿದೆ, ಸಿಳ್ಳೆ ತಂದೆ, ಅವೇ ಮಾತು ಹೇಳಿದೆ. ಕಣ್ಣು ಮುಚ್ಚಿ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ನನ್ನ ಕೈ ತಟ್ಟಿ, "ಚೆನ್ನಾಗಿದೆ ಮಗು. ಆದರೆ ಇದು ನೀನು" ಎಂದು ಒಳಗೆ ಹೋದಳು.

ಅವಳು ಇದ್ದಷ್ಟು ವರ್ಷ ಅವನ ದನಿಗಾಗಿ ಕದ್ದುಮುಚ್ಚಿ ಪ್ರಯತ್ನಿಸಿದೆ. ಧಣಿ ಬರುತ್ತಾನೆ, ಗಿರಿಜಕ್ಕ ಬರುತ್ತಾಳೆ, ಈಗಿಲ್ಲದ ಎಲ್ಸಿಯೂ ಬರುತ್ತಾಳೆ. ಅವನು ಮಾತ್ರ ಬರುವುದಿಲ್ಲ.